ತೇಲುವ ತೋಟದಲ್ಲಿ ತೋಡಿದ ಬಾವಿ

ಶಾನ್ ಸೀಮೆಯ ಇನ್ಲೇ ಸರೋವರಕ್ಕೆ ಬಿದ್ದ ಕೀಟನಾಶಕವು ಬಿಸಿಲಿಗೆ ತಾನಾಗಿ ಒಡೆದು ನಿರ್ನಾಮವಾಗತಕ್ಕದ್ದು ಎಂದು ಜಲಶುದ್ಧಿ ಕಚೇರಿ ಆಜ್ಞೆ ಹೊರಡಿಸಿತ್ತು. ನೀರಿಗೂ ಕೇಳಿಸಲೆಂದು ದೋಣಿಯಲ್ಲಿ ಡಂಗುರ ಹೊಡೆಸಿದ್ದರು.

ಆದರೂ ಮುದುಕ ಊ ಚಿತ್ ಪೋನ ಮೊಮ್ಮಗಳು ಆ ನೀರು ಕುಡಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದಳು. ಅವನ ಮನೆ ಸರೋವರದೊಳಗೇ ಕಂಬ ಊರಿ ನಿಂತದ್ದು. ಪಕ್ಕದಲ್ಲಿ ತೇಲುವ ಟೊಮೆಟೊ ತೋಟ. ತೋಟಕ್ಕೆ ಔಷಧಿ ಹೊಡೆದ ದಿನ ಮೀನುಗಳು ತಲೆಯೆತ್ತಿ ಸೀನುತ್ತಿದ್ದವು. ಸೀನಿನ ರಭಸಕ್ಕೆ ದೋಣಿಗಳು ಹುಟ್ಟಿಲ್ಲದೆ ದಡ ಸೇರುತ್ತಿದ್ದವು. ಬೆಟ್ಟದ ಒರತೆ ನೀರು ಹಂಚುವ ದೋಣಿಯೊಂದು ಕಚೇರಿಯ ಕಟ್ಟೆಗೆ ಕಟ್ಟಿಸಿಕೊಂಡು ಸುಮ್ಮನಿತ್ತು. ಅದನ್ನು ಕಳಿಸಿಕೊಡಿ ಎಂದು ಕೇಳಲು ಮುದುಕ ಹೋದ.

ಅಧಿಕಾರಿ ಊ ಝೇಯಾ ಲ್ವಿನ್ ಹುಳಿ ಬರಿಸಿದ ಚಹಾ ಎಲೆ ಮೆಲ್ಲುತ್ತಿದ್ದರು.

"ವಿಷ ಇರೋ ಕಡೆಗೆ ಮಾತ್ರ ದೋಣಿ ಹೋಗುತ್ತೆ ತಾತಾ. ವಿಷ ಒಡೆದುಹೋಗಿದೆಯಲ್ಲ."

"ಒಡೆದ ಮಡಕೆ ಚೂರು ಕಾಲಿಗೆ ಚುಚ್ಚೋದಿಲ್ವಾ ಸಯಾ?"

"ಚೂರು ನಮ್ಮ ಕಚೇರಿಗೆ ಸೇರಲ್ಲ. ನಾವು ನೋಡೋದು ಇಡೀ ವಿಷ ಮಾತ್ರ."

"ತೋಟದ ಅಡಿಗೆ ಬಿಸಿಲೇ ಬೀಳಲ್ಲ. ಅಲ್ಲಿ ಇಡಿಯಾಗೇ ಕೂತಿದೆ."

ಅಧಿಕಾರಿ ಮೆಲ್ಲುವುದನ್ನು ನಿಲ್ಲಿಸಿದರು. ನೆರಳು ಆಜ್ಞೆಯನ್ನು ಉಲ್ಲಂಘಿಸುತ್ತಿರುವುದು ಅವರ ಗಮನಕ್ಕೆ ಬಂದಿರಲಿಲ್ಲ.

ಮರುದಿನವೇ ಕಚೇರಿಯ ಆಳುಗಳು ಬಂದು ತೋಟವನ್ನು ಹಿಡಿದಿದ್ದ ಬಿದಿರುಗಳನ್ನು ಕಿತ್ತು, ತೋಟವನ್ನು ದೋಣಿಗೆ ಬಿಗಿದು, ಅಲ್ಲಿನ ರೂಢಿಯಂತೆ ಕಾಲಲ್ಲಿ ಹುಟ್ಟು ಹಾಕುತ್ತ ಎಳೆದರು. ಖಾಲಿಯಾದ ಜಾಗಕ್ಕೆ ಬಿಸಿಲು ಬಿತ್ತು. ಸರೋವರ ಶುದ್ಧವೆಂದು ಅಲ್ಲೇ ಘೋಷಣೆಯಾಯಿತು. ತೋಟವನ್ನು ಎಲ್ಲಾದರೂ ಕಟ್ಟಬೇಕಲ್ಲ, ಚಿತ್ ಪೋನ ಮನೆಯ ಸುತ್ತಲೂ ಕಟ್ಟಿದರು.

ಮುದುಕ ಮತ್ತೆ ಹೋದ. "ಈಗಲಾದ್ರೂ ದೋಣಿ ಕಳಿಸಿ ಸಯಾ. ಮಗು ಒಣಗಿ ಕಡ್ಡಿಯಾಗಿದೆ."

"ಹೇಗೆ ಕಳಿಸಲಿ ತಾತಾ? ಟೊಮೆಟೊ ಬೆಳೆಯೋ ಜಾಗ ಕಾನೂನಲ್ಲಿ ಹೊಲ. ನಿಮ್ಮ ಮನೆ ಈಗ ನೆಲದ ಮೇಲಿದೆ. ನೆಲದವರು ಬಾವಿ ತೋಡ್ಕೋಬೇಕು."

"ತೇಲೋ ತೋಟದಲ್ಲಿ ಬಾವಿನಾ?"

"ಸಲಿಕೆ ನಾವೇ ಕೊಡ್ತೀವಿ."

ಸಲಿಕೆಯ ಮೊದಲ ಏಟಿಗೇ ನೀರು ಉಕ್ಕಿತು. ಇಷ್ಟು ಮೇಲೆಯೇ ನೀರು ಸಿಕ್ಕ ಬಾವಿ ಶಾನ್ ಸೀಮೆಯಲ್ಲೇ ಇಲ್ಲವೆಂದು ಅಧಿಕಾರಿ ಅದಕ್ಕೆ ಹಾರ ಹಾಕಿಸಿ, ತಮ್ಮ ಬಾಟಲಿಯಿಂದ ಒಂದು ಗುಟುಕು ಕುಡಿದು ಉದ್ಘಾಟಿಸಿದರು. ಬಾವಿಯ ನೀರು ಸರೋವರದ ನೀರಲ್ಲವಾದ್ದರಿಂದ ಪರೀಕ್ಷೆಯ ಅಗತ್ಯ ಬೀಳಲಿಲ್ಲ. ಊರಿನವರೆಲ್ಲ ಬಿಂದಿಗೆ ಹಿಡಿದು ದೋಣಿಗಳಲ್ಲಿ ಬಂದು ಸಾಲು ನಿಂತರು.

"ಸರೋವರದ ನೀರೆಲ್ಲಿ, ಇದೆಲ್ಲಿ," ಎಂದು ಬಾಯಿ ಚಪ್ಪರಿಸಿದಳು ನೆರೆಮನೆಯ ಡೋ ಮ್ಯಾ ಯಿನ್. "ಪುಣ್ಯ ಮಾಡಿದ್ದೀಯ ಅಣ್ಣಾ, ಬಾಗಿಲಲ್ಲೇ ಬಾವಿ."

ಒಳಗೆ ಮೊಮ್ಮಗಳು ನರಳಿದಳು.

"ಬಂದೆ ಪುಟ್ಟಾ," ಎಂದ ಚಿತ್ ಪೋ, ಸರದಿ ಬಂದೊಡನೆ ಲೋಟ ಅದ್ದಿಕೊಂಡು. "ಇವತ್ತಿಂದ ನಿನಗೆ ಬಾವಿ ನೀರು."