ಗೆಲ್ಲದ ತಂಡದ ಕೋಚ್

ನಮ್ಮ ಚಿಕ್ಕಮ್ಮನ ಖೋ-ಖೋ ತಂಡ ಒಂದೇ ಒಂದು ಪಂದ್ಯ ಗೆದ್ದದ್ದನ್ನು ನೋಡಿದವರು ಯಾರಾದರೂ ಇದ್ದರೆ ದಯಮಾಡಿ ನನಗೆ ತಿಳಿಸಿ. ನಾನಂತೂ ಕಂಡವಳಲ್ಲ. ಸೋಲುವುದರಲ್ಲಿ ಅಷ್ಟು ಶಿಸ್ತು ಇದ್ದ ತಂಡ ಇಡೀ ಪೀಣ್ಯದಲ್ಲೇ ಇರಲಿಲ್ಲ!

ತೊಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ದಾವಣಗೆರೆಯಿಂದ ಬಂದ ನಾನು ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದೆ. ಮದುವೆಗೆ ಮುಂಚೆ ಚಿಕ್ಕಮ್ಮ ಕಾಲೇಜಿನ ಖೋ-ಖೋ ಆಟಗಾರ್ತಿ. ಮದುವೆಯಾದ ಮೇಲೆ ಓಟವೆಲ್ಲ ಒಲೆಗೂ ಬೀದಿ ನಲ್ಲಿಗೂ ನಡುವೆ. ಮಕ್ಕಳಾಗಲಿಲ್ಲ. ಅದಕ್ಕೋ ಏನೋ, ಭಾನುವಾರ ಬಂತೆಂದರೆ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರನ್ನು ಕಾರ್ಖಾನೆಗಳ ಹಿಂದಿನ ಖಾಲಿ ಜಾಗಕ್ಕೆ ಕರೆದೊಯ್ದು, ಕಂಬ ನೆಡಿಸಿ ಆಡಿಸುತ್ತಿದ್ದಳು.

ಆಡಿಸುವುದೇನೋ ಸರಿ. ಆದರೆ ಅವಳು ಯಾರಿಗೂ ಏನನ್ನೂ ಹೇಳಿಕೊಡುತ್ತಿರಲಿಲ್ಲ! ಬರೀ ಕೇಳುತ್ತಿದ್ದಳು. "ಯಾಕೆ ಔಟಾದೆ? ನೀನೇ ಹೇಳು." ಹೇಳಿಕೊಟ್ಟದ್ದು ಕಿವಿಯಲ್ಲಿ ಉಳಿಯುತ್ತದೆ, ತಾನೇ ಕಂಡುಕೊಂಡದ್ದು ಕಾಲಿಗಿಳಿಯುತ್ತದೆ ಎಂಬುದು ಅವಳ ಸಿದ್ಧಾಂತ. ಅದು ಮೈದಾನದಲ್ಲೇ ಇದ್ದಿದ್ದರೆ ನಮ್ಮ ಅಭ್ಯಂತರವಿರಲಿಲ್ಲ. ಒಮ್ಮೆ ಊಟದ ನಡುವೆ ಚಿಕ್ಕಪ್ಪ "ಉಪ್ಪೆಲ್ಲೇ?" ಎಂದರು.

"ಎಲ್ಲಿರಬೋದು ಅನ್ಸುತ್ತೆ ನಿಮಗೆ?"

ಚಿಕ್ಕಪ್ಪ ಸಪ್ಪೆ ಸಾರನ್ನೇ ಉಂಡೆದ್ದರು. ಕೈ ತೊಳೆಯುತ್ತಾ ನನ್ನ ಕಡೆ ತಿರುಗಿ, "ನಾನು ಯಾಕೆ ಔಟಾದೆ ಅಂತ ನನಗೆ ಮಾತ್ರ ಇವತ್ತಿಗೂ ಗೊತ್ತಾಗ್ಲಿಲ್ಲ ಕಣಮ್ಮ" ಎಂದರು.

ಇಷ್ಟು ಸಾಲದೆಂಬಂತೆ, ಪ್ರತಿ ಭಾನುವಾರ ಒಬ್ಬೊಬ್ಬ ಹುಡುಗಿಯ ಕೊರಳಿಗೆ ವಿಶಲ್ ಹಾಕಿ ಅವಳನ್ನೇ ಕೋಚ್ ಮಾಡಿಬಿಡುತ್ತಿದ್ದಳು. "ವಾರವೆಲ್ಲ ಸೂಪರ್‌ವೈಸರ್ ಹತ್ರ ಬೈಸ್ಕೊಳ್ತಾವೆ ಕಣೇ. ಒಂದಿನವಾದ್ರೂ ಇನ್ನೊಬ್ರಿಗೆ ನೆಟ್ಟಗೆ ಹೇಳೋದು ಕಲೀಲಿ" ಎನ್ನುವಳು. ಪರಿಣಾಮ? ರಾಜ್ಯೋತ್ಸವದ ಪಂದ್ಯದಲ್ಲಿ ಕೂತವರೆಲ್ಲ ಕೋಚ್‌ಗಳೇ! "ಎಡಕ್ಕೆ ಹೋಗೇ", "ಬಲಕ್ಕೆ ಕಣೇ", "ಖೋ ಕೊಡೇ!" ಓಡಬೇಕಾದವಳು ಯಾರ ಮಾತು ಕೇಳುವುದೆಂದು ತಿಳಿಯದೆ ನಡುವೆ ನಿಂತೇಬಿಟ್ಟಳು. ಅಂಪೈರ್ ಹತ್ತಿರ ಬಂದು ಕೇಳಿದ: "ಮೇಡಂ, ನಿಮ್ ಟೀಮಲ್ಲಿ ಆಡೋರು ಯಾರು?"

ಆ ತಂಡದಲ್ಲಿ ಮಂಜುಳಾ ಎಂಬ ಹುಡುಗಿ. ಓಟ ಬಾರದು, ಬಾಯಂತೂ ಇಲ್ಲವೇ ಇಲ್ಲ. ಅವಳ ಸರದಿ ಬಂದ ದಿನ ವಿಶಲ್ ಹಿಡಿದು ಬೆವರುತ್ತ ನಿಂತಿದ್ದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಕಡೆಗೂ ಎಲ್ಲರಿಗಿಂತ ಜೋರಾಗಿ ಓಡುವವಳನ್ನು ತೋರಿಸಿ, ಮೆಲ್ಲಗೆ, "ಅಕ್ಕ, ಇವ್ಳು ಕಂಬದ ಹತ್ರ ಇಂದೆ ತಿರುಗಿ ನೋಡ್ತಾಳೆ. ಅದ್ಕೇ ಸಿಗಾಕೊಳ್ತಾಳೆ" ಎಂದಳು. ನಿಜವೇ! ಚಿಕ್ಕಮ್ಮ ಆ ದಿನ ದಾರಿಯುದ್ದಕ್ಕೂ ಹಾಡಿಕೊಂಡು ಮನೆಗೆ ಬಂದಳು. ಮುಂದಿನ ಪಂದ್ಯವನ್ನೂ ಸೋತರು ಎಂದು ಬೇರೆ ಹೇಳಬೇಕೇ?

ಆಮೇಲೆ ಆ ಜಾಗಕ್ಕೆ ಒಡೆಯರು ಬಂದರು. ಒಂದು ಭಾನುವಾರ ಹೋಗಿ ನೋಡಿದರೆ ಸುತ್ತ ತಂತಿಬೇಲಿ, ನಮ್ಮ ಕಂಬವಿದ್ದಲ್ಲಿ ಶೆಡ್ಡಿನ ಪಾಯ. ಚಿಕ್ಕಮ್ಮ ಶಾಲೆ, ಕಾರ್ಖಾನೆ, ಕೊನೆಗೆ ದೇವಸ್ಥಾನದ ಸಮಿತಿಯವರ ಹತ್ತಿರವೂ ಹೋಗಿ ಜಾಗ ಕೇಳಿದಳು. "ದೊಡ್ಡ ಹುಡುಗೀರು ಓಡೋದು ಚೆನ್ನಾಗಿರಲ್ಲಮ್ಮ" ಎಂದರು. ಅಷ್ಟರಲ್ಲಿ ಹುಡುಗಿಯರೂ ಚದುರಿದರು. ಒಬ್ಬಳಿಗೆ ಮದುವೆ, ಒಬ್ಬಳಿಗೆ ಭಾನುವಾರವೂ ಓವರ್‌ಟೈಮ್, ಒಬ್ಬಳಿಗೆ ಮನೆಯಲ್ಲಿ ಹೊಡೆತ.

ಚಿಕ್ಕಮ್ಮ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ಎಲೆಯ ತುದಿಗೆ ಉಪ್ಪು ಬೀಳುತ್ತಿತ್ತು. ಕೊನೆಗೊಂದು ರಾತ್ರಿ ಅವರೇ, "ಏನಾದ್ರೂ ಕೇಳೇ, ಜಗಳಾನಾದ್ರೂ ಆಡೇ" ಎಂದು ಗೋಗರೆದರು. ಅವಳು ಗೋಡೆಯ ಕಡೆ ತಿರುಗಿ ಮಲಗಿ, "ಸೋಲೋದು ಬಿಟ್ಟು ನಾನು ಆ ಮಕ್ಕಳಿಗೆ ಏನ್ ಕಲಿಸ್ದೆ, ಹೇಳ್ರೀ" ಎಂದಳು.

ವರ್ಷ ಕಳೆದ ಮೇಲೆ ಮಂಜುಳಾ ಮನೆಗೆ ಬಂದಳು. ತನ್ನ ಬೀದಿಯ ಚಿಕ್ಕ ಹುಡುಗಿಯರನ್ನು ಸೇರಿಸಿ ಆಡಿಸುತ್ತಿದ್ದಾಳಂತೆ. ಅಕ್ಕ ಬಂದು ನೋಡಬೇಕಂತೆ. ಚಿಕ್ಕಮ್ಮ ಒಲ್ಲೆನೆಂದಳು. ನಾನು ಕೈಹಿಡಿದು ಎಳೆದುಕೊಂಡೇ ಹೋದೆ. ನೋಡಿದರೆ ಸ್ಮಶಾನದ ಪಕ್ಕದ ಬಯಲು!

"ಇದೇನೇ ಇಲ್ಲಿ?" ಎಂದೆ.

"ಇಲ್ಲಿ ಯಾರೂ ಶೆಡ್ ಕಟ್ಟಕಿಲ್ಲ ಅಕ್ಕ" ಎಂದಳು ಮಂಜುಳಾ. ಬಾಯಿಲ್ಲದ ಹುಡುಗಿ!

ಚಿಕ್ಕಮ್ಮ ಸಾಲಾಗಿ ಕೂತ ಮಕ್ಕಳನ್ನೇ ನೋಡುತ್ತ ನಿಂತಳು. ಒಬ್ಬ ಹುಡುಗಿ ಬಂದಿರಲಿಲ್ಲ. ಸಾಲಿನ ನಡುವೆ ಒಂದು ಜಾಗ ಖಾಲಿ. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಜಾಗಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಪುಟ್ಟ ಹುಡುಗಿಯೊಂದು ಹಿಂದಿನಿಂದ ಓಡಿಬಂದು ಅವಳ ಬೆನ್ನು ಮುಟ್ಟಿ, ಅಳುಕುತ್ತಲೇ, "ಖೋ... ಅಜ್ಜಿ" ಎಂದಿತು.

ಚಿಕ್ಕಮ್ಮ ಎದ್ದಳು. ಓಡಿದಳು. ಯಾರೂ ಅವಳ ಕೈಗೆ ಸಿಗಲಿಲ್ಲ.