ಅತ್ತೆಯ ಹದ್ದು, ನನ್ನ ಸುಳ್ಳು

ನಮ್ಮ ಅತ್ತೆಗೆ ನೆಲದ ಮೇಲಿನ ನೆಂಟರಿಗಿಂತ ಆಕಾಶದಲ್ಲಿ ಹಾರುವವರ ಗುರುತೇ ಹೆಚ್ಚು! ಅತ್ತೆ ಎಂದರೆ ಅಪ್ಪನ ತಂಗಿ. ಬ್ಯಾಡಗಿಯಲ್ಲಿ ಹಿಂದಿ ಟೀಚರ್ ಆಗಿ ನಿವೃತ್ತರಾದವರು. ಅವರ ಜೊತೆಯವರು ಕಾಶಿಗೆ ಹೊರಟರೆ ಇವರು ಹದ್ದು, ಗಿಡುಗಗಳ ಬೆನ್ನು ಹತ್ತಿದರು. ದಿನವೂ ಹಾಜರಿ ಬೇರೆ! "ಇಂದು ಗಿಡುಗ ಗೈರುಹಾಜರು" ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆಯುವರು.

ಒಮ್ಮೆ ಇಬ್ಬರೂ ರಾಣೆಬೆನ್ನೂರಿನ ಬಸ್ಸಿನಲ್ಲಿದ್ದೆವು. ಅತ್ತೆ ಇದ್ದಕ್ಕಿದ್ದಂತೆ, "ನಿಲ್ಲಸ್ರಿ! ನಿಲ್ಲಸ್ರಿ!" ಎಂದು ಕೂಗಿದರು. ಕಂಡಕ್ಟರ್ ಗಾಬರಿಯಿಂದ ಸೀಟಿ ಊದಿದ.

"ಯಾರ್ರಿ ಇಳಿಯವ್ರು?"

"ಯಾರೂ ಇಳಿಯೂದಿಲ್ಲಪಾ. ತಂತಿ ಮ್ಯಾಲೆ ಹದ್ದು ಕುಂತೈತಿ, ಒಂದ್ ನಿಮಿಷ ನೋಡೂಣು."

ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ಇಡೀ ಬಸ್ಸು ಹದ್ದನ್ನು ನೋಡಿತು, ನೋಡದವನು ನಾನೊಬ್ಬನೇ.

ಹಾವೇರಿಯಲ್ಲಿ ನನ್ನ ಮಗಳ ಮದುವೆ. ಅಕ್ಷತೆಯ ಹೊತ್ತಿಗೆ ಅತ್ತೆ ನಾಪತ್ತೆ! ಕೊನೆಗೆ ಮಂಟಪದ ತಾರಸಿಯ ಮೇಲೆ ಸಿಕ್ಕರು.

"ಅಕ್ಕಿಕಾಳು ಹಾಕೂ ಹೊತ್ತಾತು, ಬಾ ಅತ್ತಿ!"

"ತಡಿಯೋ, ಇಲ್ಲೂ ಒಂದು ಜೋಡಿ ಕೂಡಾಕತ್ತೈತಿ."

ಹೋದ ಚಳಿಗಾಲ ಮೇಡ್ಲೇರಿಯ ನಮ್ಮ ಹೊಲದ ಬದುವಿನ ಜಾಲಿ ಮರದಲ್ಲಿ ಹದ್ದಿನ ಜೋಡಿಯೊಂದು ಗೂಡು ಕಟ್ಟಿತು. ಬೂದು ಬಿಳಿಯ ಪುಟ್ಟ ಹದ್ದುಗಳು, ಕೆಂಪು ಕಣ್ಣು. ಅತ್ತೆ ವಾರಕ್ಕೆರಡು ಸಲ ಬರತೊಡಗಿದರು, ಅದೂ ಮನೆಗಲ್ಲ, ನೇರ ಹೊಲಕ್ಕೆ! ನನ್ನ ಹೆಂಡತಿ ಮುನಿಸಿಕೊಂಡರೆ, "ಬಾಣಂತಿ ನೋಡಾಕ ಬಂದೇನಿ ಯವ್ವಾ" ಎನ್ನುವರು.

ಆ ಮರ ತೆಗೆದು ಗಾಡಿದಾರಿ ಮಾಡಬೇಕೆಂಬುದು ನನ್ನ ಆಸೆ. ಅತ್ತೆ ಕೈ ಹಿಡಿದುಕೊಂಡರು. "ಮರಿ ಹಾರೂತನಕ ತಡಿಯೋ ತಮ್ಮಾ. ಇನ್ನ ಹದಿನೈದು ದಿನ."

"ಆತು ಬಿಡ ಅತ್ತಿ" ಎಂದೆ.

ಐದನೆಯ ದಿನ ಪಕ್ಕದ ಹೊಲಕ್ಕೆ ಜೆಸಿಬಿ ಬಂತು. ಮತ್ತೆ ಯಾವಾಗ ಸಿಗುತ್ತದೋ ಎಂದು ಮರ ಕೆಡವಿಸಿಯೇ ಬಿಟ್ಟೆ. ಗೂಡಿನಲ್ಲಿದ್ದ ಎರಡು ಮರಿಗಳೂ ಉಳಿಯಲಿಲ್ಲ. ಸಂಜೆ ಅತ್ತೆ ಫೋನ್ ಮಾಡಿದಾಗ ಬಾಯಿಂದ ಸುಳ್ಳು ಜಾರಿತು. "ಮರಿ ಹಾರಿದ್ವು ಅತ್ತಿ."

"ಇಷ್ಟ ಲಗೂನ? ಖರೇನ?"

ಮರುದಿನ ಮೊದಲ ಬಸ್ಸಿಗೇ ಪೇಢೆ ಕಟ್ಟಿಸಿಕೊಂಡು ಬಂದರು!

ಬುಡಮೇಲಾದ ಮರ ಕಂಡು ಅಲ್ಲೇ ನಿಂತುಬಿಟ್ಟರು. ಮೇಲೆ ಗಂಡು ಹದ್ದು, ಉಗುರುಗಳಲ್ಲಿ ಇಲಿ ಹಿಡಿದುಕೊಂಡು, ಮರವಿದ್ದ ಜಾಗದ ಮೇಲೆ ಸುತ್ತು ಹಾಕುತ್ತಿತ್ತು.

"ಮರಿಗೆ ತಂದೈತಿ" ಎಂದರು.

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬಿಸಿಲೇರಿತ್ತು; ಸುತ್ತ ಎಲ್ಲಿಯೂ ನೆರಳಿರಲಿಲ್ಲ. ಅತ್ತೆ ಹತ್ತಿರ ಬಂದರು. ಐವತ್ತು ದಾಟಿದ ನನ್ನ ಬೋಳುತಲೆಯ ಮೇಲೆ ತಮ್ಮ ಸೆರಗು ಹೊದಿಸಿ, "ತಲಿ ಸುಡತೈತೋ" ಎಂದರು.