ಅತ್ತೆ ಹಾಜರಿ, ಸೊಸೆ ಬಿ.ಎ.

ದೇವರು ನನ್ನನ್ನು ಮೇಷ್ಟ್ರು ಮಾಡಿದ್ದು ಕಲಿಸಲಿಕ್ಕೋ ನಗಲಿಕ್ಕೋ ಇನ್ನೂ ಗೊತ್ತಾಗಿಲ್ಲ. ಎಪ್ಪತ್ತರ ದಶಕದಲ್ಲಿ ಕೊಟ್ಟೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದಾಗ ಏನಾದರೊಂದು ನಡೆಯುತ್ತಲೇ ಇರುತ್ತಿತ್ತು. ಬೆಳಿಗ್ಗೆ ಬಸವೇಶ್ವರನ ಗುಡಿಗೆ ಹೋಗಿ, ವಿಭೂತಿ ಹಚ್ಚಿಕೊಂಡು, "ಇವತ್ತು ಪಾಠ ನೆಟ್ಟಗಾಗಲಪ್ಪಾ" ಎಂದು ಕೈಮುಗಿದು ಬರುತ್ತಿದ್ದೆ. ಆತ ಕೇಳಿಸಿಕೊಳ್ಳುತ್ತಿದ್ದ. ಆದರೆ ಆತನಿಗೂ ಒಂದಿಷ್ಟು ತಮಾಷೆ ಬೇಕಲ್ಲ! ಒಂದೇ ಮನೆಯವರಿಂದ ಆದದ್ದನ್ನು ಹೇಳುತ್ತೇನೆ.

೧. ದೇವರು ಕೊಟ್ಟ ವಿಷಯ

ಪ್ರವೇಶದ ದಿನ ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆತನದ ಹಿರಿಯಳೊಬ್ಬಳು, ಪಿ.ಯು.ಸಿ. ಪಾಸಾಗಿದ್ದ ತನ್ನ ಹೊಸ ಸೊಸೆಯನ್ನು ಕರೆದುಕೊಂಡು ಬಂದಳು.

"ಬೀಗರಿಗೆ ಅರಿಶಿಣ ಭಂಡಾರ ಮುಟ್ಟಿ ಮಾತು ಕೊಟ್ಟೀನ್ರಿ, ಇಕಿ ಬಿ.ಎ. ಮುಗಿಸ್ತಾಳಂತ. ತಪ್ಪಿದ್ರ ಮೈಲಾರಲಿಂಗ ನನ್ನ ಬಿಡಂಗಿಲ್ಲ."

ಮುಖ್ಯ ವಿಷಯ ಯಾವುದು ಎಂದು ಕೇಳಿದೆ. ಸೊಸೆ ಅತ್ತೆಯ ಮುಖ ನೋಡಿದಳು.

"ದೇವ್ರ ಮುಂದ ಹೂ ಕೇಳಿವ್ರಿ. ಸಮಾಜಶಾಸ್ತ್ರ ಅಂದ್ವಿ, ಹೂ ಅಳ್ಳಾಡಲಿಲ್ಲ. ಅರ್ಥಶಾಸ್ತ್ರ ಅಂದ್ವಿ, ಬಲಕ್ಕ ಬಿತ್ತು."

"ಇದಕ್ಕ ಸಂಖ್ಯಾಶಾಸ್ತ್ರದ ಪೇಪರೂ ಐತವ್ವ. ಲೆಕ್ಕ ಭಾಳ ಕಷ್ಟ" ಎಂದೆ.

"ಹೂ ಕೊಡೋ ಮುಂದ ದೇವ್ರಿಗೆ ಅದು ಗೊತ್ತಿರಲಿಲ್ಲೇನ್ರಿ?"

ಹಣೆ ತುಂಬ ವಿಭೂತಿ ಹಚ್ಚಿಕೊಂಡವನು ದೇವರ ಮಾತು ಮೀರಲಾದೀತೆ? ಅರ್ಜಿಗೆ ಸಹಿ ಹಾಕಿದೆ.

೨. ಮನೆಗೊಬ್ಬ ಆಳು

ಕೊನೆಯ ವರ್ಷ ಸೊಸೆ ಹೆರಿಗೆಗೆಂದು ತವರಿಗೆ ಹೋದಳು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಅತ್ತೆಗೆ ಹೇಳಿ ಕಳಿಸಿದೆ. ಮರುದಿನ ಹಾಜರಿ ಕೂಗುತ್ತಿದ್ದಾಗ ಸೊಸೆಯ ಹೆಸರಿಗೆ ಹಿಂದಿನ ಬೆಂಚಿನಿಂದ ಗಟ್ಟಿ ದನಿ ಬಂತು: "ಬಂದೀನ್ರಿ!"

ನೋಡಿದರೆ ಅತ್ತೆ.

"ಇದೇನವ್ವಾ?"

"ಊರ ಬಾವಿ ಹೂಳು ತೆಗ್ಯಾಕ ಮನಿಗೊಂದಾಳು ಬಂದ್ರ ನಡೀತೈತಿ. ಇಲ್ಲ್ಯಾಕ ನಡ್ಯಂಗಿಲ್ಲ? ಆಕಿಗೆ ಬರಾಕ ಆಗಂಗಿಲ್ಲ, ನಾ ಬಂದೀನಿ. ಬರಕೋರಿ."

ಹುಡುಗರು ಬೆಂಚು ಗುದ್ದಿ ನಕ್ಕರು. ಓದುವವರೇ ಬರಬೇಕು, ಮನೆಯವರು ಬಂದರೆ ಆಗದು ಎಂದು ತಿಳಿಸಿ ಹೇಳಿದೆ. ಆದರೆ ಊರಿಗೆ ಬಸ್ಸು ಇದ್ದದ್ದು ಸಂಜೆಗೆ. ಆ ಬಿಸಿಲಲ್ಲಿ ಎಲ್ಲಿಗೆ ಕಳಿಸಲಿ? "ಕೂಡ್ರವ್ವ" ಎಂದೆ. ಬೇಡಿಕೆ-ಪೂರೈಕೆಯ ಪಾಠ ಶುರುವಾಯಿತು, ಹಿಂದೆಯೇ ಗೊರಕೆಯೂ ಶುರುವಾಯಿತು. ಗಂಟೆ ಹೊಡೆದಾಗ ಆಯಮ್ಮ ಎದ್ದು ಕೈಮುಗಿದಳು.

"ಪಾಠ ಭಾಳ ಚಂದ ಆತ್ರಿ. ಬೆಂಚ್ ಒಂದು ಬಿರುಸು."

೩. ಪುರಾವೆ

ಹಾಜರಿ ಕಡಿಮೆಯೇ ಬಿತ್ತು. ಮನ್ನಾ ಮಾಡುವ ಅಧಿಕಾರ ಪ್ರಿನ್ಸಿಪಾಲರದು. ಅವರೋ ಕಟ್ಟುನಿಟ್ಟಿನವರು. "ಹೆರಿಗೆಯಾದದ್ದಕ್ಕೆ ಪುರಾವೆ ಬೇಕು" ಅಂದುಬಿಟ್ಟರು. ಹೆರಿಗೆ ಮನೆಯಲ್ಲೇ ಆಗಿತ್ತು, ಸೂಲಗಿತ್ತಿ ಸರ್ಟಿಫಿಕೇಟು ಕೊಡುತ್ತಾಳೆಯೆ? ನನಗೆ ತೋಚಿದ್ದು ಇಷ್ಟೆ: ಅಂದು ಗುಡಿಯಲ್ಲಿ ಒಂದು ಕಾಯಿ ಒಡೆಸಿದೆ.

ಆಯಮ್ಮ ಸೀದಾ ಒಳಗೆ ಹೋದಳು. ಸೆರಗಿನೊಳಗಿಂದ ಕೂಸನ್ನು ತೆಗೆದು ಪ್ರಿನ್ಸಿಪಾಲರ ಮೇಜಿನ ಮೇಲೆ ಮಲಗಿಸಿದಳು.

"ತಗೋರಿ ಪುರಾವಿ. ಬೇಕಾದ್ರ ಇಟಗೋರಿ, ಪರೀಕ್ಷಿ ಮುಗದ ಮ್ಯಾಲೆ ಒಯ್ತೀನಿ."

ಅವರು ಗಾಬರಿಯಾಗಿ ಪೆನ್ನು ಹುಡುಕುವಷ್ಟರಲ್ಲಿ ಕೂಸು ಮೇಜಿನ ಮೇಲಿದ್ದ ಮನ್ನಾ ಅರ್ಜಿಗೆ ತನ್ನ ಮುದ್ರೆ ಒತ್ತಿಬಿಟ್ಟಿತ್ತು. ಸಹಿ ಬಿದ್ದದ್ದು ಹಸಿ ಕಾಗದದ ಮೇಲೆಯೇ.

೪. ಹಿಡಿದಿಟ್ಟ ಜಾಗ

ಕೊನೆಯ ಪೇಪರಿನ ದಿನ. ಸೊಸೆ ಒಳಗೆ ಬರೆಯುತ್ತಿದ್ದಳು. ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಕೂಸನ್ನು ಆಡಿಸುತ್ತಿದ್ದಳು. ಕೂಸು ಹಸಿದು ಒಂದೇ ಸಮನೆ ಅಳತೊಡಗಿತು. ಕೋಣೆಯ ಮೇಲ್ವಿಚಾರಣೆ ನನ್ನದೇ. ಹಾಲು ಕುಡಿಸಿ ಬರಲೆಂದು ಸೊಸೆಯನ್ನು ಕಾಲೇಜಿನ ಕಸ ಗುಡಿಸುವವಳ ಜೊತೆ ಕಳಿಸಿ, ಕಿಟಕಿಯಿಂದ ಅವರ ಮೇಲೆ ಕಣ್ಣಿಟ್ಟು ನಿಂತೆ. ತಿರುಗಿ ನೋಡುತ್ತೇನೆ, ಸೊಸೆಯ ಜಾಗದಲ್ಲಿ ಅತ್ತೆ! ಬಸ್ಸಿನಲ್ಲಿ ಟವಲು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಕೂತಿದ್ದಾಳೆ. ಕೈಯಲ್ಲಿ ಪೆನ್ನು ಬೇರೆ.

ನಾನು ಬಾಯಿ ತೆರೆಯುವಷ್ಟರಲ್ಲಿ ವಿಶ್ವವಿದ್ಯಾಲಯದ ತಪಾಸಣೆಯವರು ಬಾಗಿಲಲ್ಲಿ ನಿಂತಿದ್ದರು. ಮೂರು ವರ್ಷದ ಓದೂ ಹೋಯಿತು, ಭಂಡಾರ ಮುಟ್ಟಿ ಕೊಟ್ಟ ಮಾತೂ ಹೋಯಿತು. ಒಳಗೊಳಗೇ ಶಿವನಾಮ ಹಿಡಿದೆ.

"ಯಾರಮ್ಮಾ ನೀವು?" ಎಂದರು ಬಂದವರು.

"ಜಾಗ ಕಾಯಾಕತ್ತೀನ್ರಿ. ಸೊಸಿ ಕೂಸಿಗೆ ಹಾಲು ಕುಡಿಸಾಕ ಹೋಗ್ಯಾಳ."

"ಇದರಲ್ಲಿ ನೀವೇನಾದ್ರೂ ಬರೆದ್ರಾ?"

ಆಯಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನಗ ಬರ್ಯಾಕ ಬಂದಿದ್ರ, ಮೂರು ವರ್ಷ ಸೊಸಿನ್ಯಾಕ ಬಸ್ಸಿಗೆ ಹತ್ತಿಸ್ತಿದ್ದೆ?"

ಅವರು ಉತ್ತರಪತ್ರಿಕೆ ತಿರುವಿದರು. ಕಿಟಕಿಯಿಂದ ಮರದ ಕೆಳಗಿನ ತಾಯಿ-ಕೂಸನ್ನು ನೋಡಿದರು. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೊರನಡೆದರು.

ಭಗವಂತನ ದಯೆ, ಸೊಸೆ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಮೂವರೂ ನಮ್ಮ ಮನೆಗೆ ಬಂದರು. ಆಯಮ್ಮ ನನ್ನ ವಿಭೂತಿಯ ಮೇಲೆಯೇ ಭಂಡಾರ ಹಚ್ಚಿ, ಕೈಗೆ ಬೆಲ್ಲ ಇಟ್ಟಳು.

"ಮಾತು ಉಳೀತ್ರಿ. ಇದರ ಮುಂದ ಮತ್ತೇನರ ಐತೇನು?"

"ಎಂ.ಎ. ಐತವ್ವ. ಅದಕ್ಕ ಧಾರವಾಡಕ್ಕ ಹೋಗ್ಬೇಕು."

ಸೊಸೆ ಆಸೆಗಣ್ಣಿನಿಂದ ಅತ್ತೆಯನ್ನು ನೋಡಿದಳು. ಆಯಮ್ಮ ಮೊಮ್ಮಗನನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ ಕೇಳಿದಳು:

"ಆ ಊರಾಗ ಬೆಂಚ್ ಹೆಂಗದಾವ್ರಿ?"